ಪ್ರಾಜೆಕ್ಟ್ ಎಕೋ

ಹಳ್ಳಿಗಾಡಿನ ವೈದ್ಯರನ್ನು ದೂರದ ತಜ್ಞರೊಂದಿಗೆ ವಿಡಿಯೋ ಸಂಪರ್ಕದ ಮೂಲಕ ಜೋಡಿಸುವ ಸಹಭಾಗಿತ್ವದ ವ್ಯವಸ್ಥೆ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಯಕೃತ್ತಿನ ತಜ್ಞ, ಭಾರತ ಮೂಲದ ಡಾ. ಸಂಜೀವ್ ಅರೋರಾ ಇದನ್ನು 2003ರಲ್ಲಿ ಆರಂಭಿಸಿದರು. ಆಗ ಹೆಪಟೈಟಿಸ್ ಸಿ ರೋಗಿಗಳು ಅವರ ಚಿಕಿತ್ಸಾಲಯದ ಸರದಿಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಲವರು ದೂರದೂರದ ಊರುಗಳಿಂದ ಬರುತ್ತಿದ್ದರು.

ವಾರಕ್ಕೊಮ್ಮೆ ಎಲ್ಲ ಕೇಂದ್ರಗಳೂ ಒಟ್ಟಿಗೆ ಪರದೆಯ ಮುಂದೆ ಸೇರುತ್ತವೆ. ಹಳ್ಳಿಯ ವೈದ್ಯರೊಬ್ಬರು ರೋಗಿಯ ಹೆಸರು ಹೇಳದೆ ವಯಸ್ಸು, ರಕ್ತಪರೀಕ್ಷೆಯ ಫಲಿತಾಂಶ, ಕೊಡುತ್ತಿರುವ ಔಷಧಿಗಳ ವಿವರ ಮುಂದಿಡುತ್ತಾರೆ. ಯಕೃತ್ತಿನ ತಜ್ಞರು, ಮನೋವೈದ್ಯರು, ಔಷಧತಜ್ಞರು ಸಲಹೆ ಕೊಡುತ್ತಾರೆ. ಉಳಿದ ಊರುಗಳ ವೈದ್ಯರೂ ಕೇಳಿಸಿಕೊಂಡು ಕಲಿಯುತ್ತಾರೆ. ಚಿಕಿತ್ಸೆಯ ಹೊಣೆ ಮಾತ್ರ ಊರಿನ ವೈದ್ಯರದೇ. ಸಾಮಾನ್ಯ ಟೆಲಿಮೆಡಿಸಿನ್‌ನಲ್ಲಿ ತಜ್ಞರು ಒಬ್ಬ ರೋಗಿಯನ್ನು ನೋಡಿದರೆ, ಇಲ್ಲಿ ಅವರ ತಿಳಿವಳಿಕೆಯೇ ಊರಿನಲ್ಲಿ ನೆಲೆಯೂರುತ್ತದೆ. ಯೋಜನೆಯ ನಿಜವಾದ ಹೆಚ್ಚುಗಾರಿಕೆ ಇದು.

ಇದರ ಫಲವನ್ನು ಅಳೆದೂ ನೋಡಲಾಗಿದೆ. 407 ಹೆಪಟೈಟಿಸ್ ಸಿ ರೋಗಿಗಳ ಅಧ್ಯಯನವೊಂದು 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಶೇ. 57.5 ಮಂದಿ ಗುಣ ಕಂಡರೆ, ಎಕೋ ಮೂಲಕ ಚಿಕಿತ್ಸೆ ನೀಡಿದ ಗ್ರಾಮೀಣ ಕೇಂದ್ರಗಳು ಮತ್ತು ಸೆರೆಮನೆಗಳಲ್ಲಿ ಆ ಪ್ರಮಾಣ ಶೇ. 58.2.

ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿ ನೀಡುತ್ತಿದೆ. ಮನೋವೈದ್ಯರ ಕೊರತೆಯಿರುವ ಜಿಲ್ಲೆಗಳಿಗೆ ಇದನ್ನು ಇನ್ನಷ್ಟು ವಿಸ್ತರಿಸಬೇಕು.