ಲಸಿಕೆ ಬಳಿಕ ಕಂಕುಳಲ್ಲಿ ಗಡ್ಡೆ: ಮೈಗೆ ವಿಷ ಏರಿದ ಗುರುತೇ?

ಹೇಳಿಕೆ: ತೋಳಿಗೆ ಲಸಿಕೆ ಹಾಕಿಸಿಕೊಂಡ ಮೇಲೆ ಕಂಕುಳು ಊದಿದರೆ ಮೈಗೆ ವಿಷ ಏರಿದೆ ಎಂದರ್ಥ, ಮುಂದಿನ ಡೋಸ್ ಬೇಡ.

ನಿಜಾಂಶ: ತಪ್ಪು. ಸಾಮಾನ್ಯವಾಗಿ ಅದು ರೋಗನಿರೋಧಕ ಶಕ್ತಿ ಕೆಲಸ ಶುರುಮಾಡಿದ ಗುರುತು. ಊದಿರುವುದು ಕಂಕುಳಿನ ದುಗ್ಧಗ್ರಂಥಿ.

ಒಳಗೆ ನಡೆಯುವುದೇನು?

ಲಸಿಕೆಯಲ್ಲಿರುವ, ಅಥವಾ ಲಸಿಕೆಯಿಂದ ಮೈಯೊಳಗೇ ತಯಾರಾಗುವ ರೋಗಾಣುವಿನ ಪ್ರೋಟೀನನ್ನು ಡೆಂಡ್ರಿಟಿಕ್ ಕೋಶಗಳು ಹಿಡಿಯುತ್ತವೆ. ಅದನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಎಂಎಚ್‌ಸಿ ಎಂಬ ಅಣುವಿನ ಮೇಲಿಟ್ಟು ತಮ್ಮ ಹೊರಮೈಯಲ್ಲಿ ಎತ್ತಿ ತೋರಿಸುತ್ತವೆ. ಹಾಗೆಯೇ ಹತ್ತಿರದ ದುಗ್ಧಗ್ರಂಥಿಗೆ ಸಾಗುತ್ತವೆ.

ಅಲ್ಲಿ ಟಿ ಕೋಶಗಳಿರುತ್ತವೆ. ಇಡೀ ಪ್ರೋಟೀನ್ ಎದುರಿಗೇ ಇದ್ದರೂ ಅವುಗಳಿಗೆ ಗುರುತು ಸಿಗದು. ಎಂಎಚ್‌ಸಿ ಮೇಲಿಟ್ಟು ತೋರಿಸಿದ ತುಣುಕಷ್ಟೇ ತಿಳಿಯುತ್ತದೆ. ಎಂಎಚ್‌ಸಿಯ ಈ ಪಾತ್ರವನ್ನು ಪತ್ತೆಹಚ್ಚಿದ ಪೀಟರ್ ಡೊಹರ್ಟಿ, ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಸಂದಿತು.

ಲಕ್ಷಾಂತರ ಟಿ ಕೋಶಗಳಲ್ಲಿ ಆ ತುಣುಕಿಗೆ ಹೊಂದುವವು ಬೆರಳೆಣಿಕೆಯಷ್ಟು. ಹೊಂದಿದವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಗ್ರಂಥಿ ಊದುವುದು ಇದರಿಂದಲೇ. ಕೆಲವು ಪ್ರತಿಕಾಯ ತಯಾರಿಗೆ ನೆರವಾದರೆ, ಕೆಲವು ಈ ನೆನಪು ಉಳಿಸಿಕೊಳ್ಳುತ್ತವೆ.

ವೈದ್ಯರಿಗೆ ತೋರಿಸುವುದು ಯಾವಾಗ?

ಊತ ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಬೆಳೆಯುತ್ತಿದ್ದರೆ ಅಥವಾ ಕಲ್ಲಿನಂತೆ ಗಟ್ಟಿಯಿದ್ದರೆ ಲಸಿಕೆಯದ್ದೇ ಎಂದುಕೊಂಡು ಸುಮ್ಮನಿರಬೇಡಿ. ಬೇರೆ ಕಾರಣವೂ ಇರಬಹುದು. ಮ್ಯಾಮೊಗ್ರಾಮ್‌ಗೆ ಹೋಗುವವರು ಯಾವ ತೋಳಿಗೆ, ಯಾವಾಗ ಲಸಿಕೆ ಹಾಕಿಸಿಕೊಂಡಿರಿ ಎಂದು ಮೊದಲೇ ತಿಳಿಸಿ.

ನಮ್ಮ ತೀರ್ಮಾನ: ಈ ಸಂದೇಶ ದಾರಿತಪ್ಪಿಸುವಂಥದ್ದು. ಫಾರ್ವರ್ಡ್ ಮಾಡಬೇಡಿ.