ಡಿಸ್ಚಾರ್ಜ್ ಹಾಳೆಯ ಹಿಂದಿನ ಎಪ್ಪತ್ತು ವರ್ಷ

ನಮ್ಮ ತಂಡದ ಒಬ್ಬರ ಸೋದರತ್ತೆ ಹೋದ ವರ್ಷ ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರು. ಮೂರನೇ ದಿನಕ್ಕೆ ತುಮಕೂರು ಕಡೆಯ ತಮ್ಮ ಊರಿಗೆ ವಾಪಸ್. ಕೈಯಲ್ಲಿ ಎರಡು ಹಾಳೆ, ಪೂರ್ತಿ ಇಂಗ್ಲಿಷ್. ಊಟದ ಜೊತೆ ನೀರು ಕುಡಿಯಬೇಡಿ, ಚೆನ್ನಾಗಿ ಅಗಿಯಿರಿ, ದಿನವೂ ನಡೆಯಿರಿ, ವಿಟಮಿನ್ ಬಿಡಬೇಡಿ, ನೋವಿನ ಮಾತ್ರೆ ಕೇಳದೆ ನುಂಗಬೇಡಿ. ಯಾಕೆ ಅಂತ ಒಂದಕ್ಕೂ ಬರೆದಿರಲಿಲ್ಲ. ಮನೆಯವರು ಹಾಳೆಯನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು.

ಐದನೇ ವಾರ ‘ಇನ್ನು ಮೆತ್ತಗಿನದು ತಿನ್ನಬಹುದು’ ಎಂದು ಫೋನಿನಲ್ಲಿ ಹೇಳಿದರಂತೆ. ನಮ್ಮ ಕಡೆ ಮುದ್ದೆಗಿಂತ ಮೆತ್ತಗಿನದು ಯಾವುದಿದೆ? ಅತ್ತೆ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಅರ್ಧ ಗಂಟೆಯಲ್ಲಿ ಎದೆ ಕೆಳಗೆ ಹಿಂಡಿದ ಹಾಗೆ ನೋವು, ಆಮೇಲೆ ವಾಂತಿ. ಇಳಿದ ಗುಟುಕು ನೀರೂ ವಾಪಸ್. ರಾತ್ರಿ 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆ, ಎರಡು ದಿನ ಡ್ರಿಪ್.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಹಾಳೆ ಬರೆದವರಿಗೆ ಅದು ಹೊಳೆದಿರಲಿಲ್ಲ. ‘ಅಗಿಯಿರಿ’ ಅಂದದ್ದು ಯಾಕೆ ಎಂದು ಅತ್ತೆಗೆ ಯಾರೂ ಹೇಳಿರಲಿಲ್ಲ. ಆಮೇಲೆ ನಾವು ಆ ಹಾಳೆಯನ್ನು ಮುಂದಿಟ್ಟುಕೊಂಡು ಒಂದೊಂದು ಸಾಲು ಎಲ್ಲಿಂದ ಬಂತು ಅಂತ ಹುಡುಕಿದೆವು. ಬಹುಪಾಲು ಸಾಲುಗಳ ಹಿಂದೆ ಯಾರೋ ಅನುಭವಿಸಿದ ತೊಂದರೆ ಇದೆ.

ಮೊದಲು ಒಂದು ಗೊಂದಲ ಬಿಡಿಸೋಣ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಅದು ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವ, ಅಂದಕ್ಕಾಗಿ ಮಾಡುವ ಚಿಕಿತ್ಸೆ. ಇಲ್ಲಿ ಹೇಳುತ್ತಿರುವುದು ಬೇರೆ. ಬ್ಯಾರಿಯಾಟ್ರಿಕ್ ಸರ್ಜರಿಯಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಜಠರವನ್ನು, ಕೆಲವು ಸಲ ಕರುಳಿನ ದಾರಿಯನ್ನು ಬದಲಿಸುತ್ತಾರೆ.

ಶುರುವಾದದ್ದು ಕರುಳಿನಿಂದ. 1954ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ಎಂಬ ವೈದ್ಯರು ಸಣ್ಣ ಕರುಳಿನ ಯಾವ ಭಾಗ ಯಾವ ಪೋಷಕಾಂಶ ಹೀರುತ್ತದೆ ಎಂದು ನಾಯಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಕರುಳು ಚಿಕ್ಕದಾದರೆ ತೂಕ ಇಳಿಯುತ್ತದೆ ಎನ್ನುವುದು ಗೊತ್ತಾಯಿತು. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಪೇನ್ ಮತ್ತು ಡಿವಿಂಡ್ ಇದನ್ನು ಮನುಷ್ಯರ ಮೇಲೆ ವ್ಯವಸ್ಥಿತವಾಗಿ ಮಾಡಿದರು. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ ಎಂದುಕೊಳ್ಳಿ. ಮೊದಲ ಭಾಗದ ಸುಮಾರು 35 ಸೆಂಟಿಮೀಟರನ್ನು ಕೊನೆಯ 10 ಸೆಂಟಿಮೀಟರಿಗೆ ಜೋಡಿಸಿ, ನಡುವಿನದನ್ನೆಲ್ಲ ಊಟದ ದಾರಿಯಿಂದ ಹೊರಗಿಟ್ಟರು. ಕಾಲುವೆಗೆ ನಡುವೆ ಅಡ್ಡದಾರಿ ತೋಡಿದ ಹಾಗೆ: ನೀರು ಬೇಗ ಹರಿದು ಹೋಯಿತು, ಹೊಲಕ್ಕೆ ಸಿಗಲಿಲ್ಲ.

ತೂಕ ಇಳಿದದ್ದು ನಿಜ. ಎಷ್ಟು ಬೇಕಾದರೂ ತಿಂದರೂ ಇಳಿಯುತ್ತದೆ ಎನ್ನುವ ಆಸೆಗೆ ಸಾವಿರಾರು ಜನ ಮಾಡಿಸಿಕೊಂಡರು, ಮನೆಗೆ ಹೋದರು. ತೊಂದರೆ ಕಾಣಿಸಿದ್ದು ಮನೆಯಲ್ಲಿ. ನಿಲ್ಲದ ಭೇದಿ, ಕಿಡ್ನಿಯಲ್ಲಿ ಕಲ್ಲು, ವಿಟಮಿನ್ ಕೊರತೆ, ಕೀಲುನೋವು. ಕೆಲವರ ಲಿವರ್ ಕೆಟ್ಟು ಪ್ರಾಣವೇ ಹೋಯಿತು. ಇವೆಲ್ಲ ತಿಂಗಳು, ವರ್ಷ ಕಳೆದ ಮೇಲೆ ಬಂದವು. ಆ ಹೊತ್ತಿಗೆ ಎಷ್ಟೋ ಜನ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದರು. ಎಷ್ಟೋ ಮಂದಿಗೆ ಮತ್ತೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. 1980ರ ಹೊತ್ತಿಗೆ ಈ ಆಪರೇಷನ್ ಮೂಲೆಗೆ ಸರಿಯಿತು. ‘ಆರಾಮಾಗಿದ್ದರೂ ತಪಾಸಣೆಗೆ ಬನ್ನಿ, ಜೀವಮಾನ ಪೂರ್ತಿ ರಕ್ತ ಪರೀಕ್ಷೆ ಮಾಡಿಸಿ’ ಎಂದು ಇವತ್ತು ಒತ್ತಿ ಹೇಳುವುದರ ಹಿಂದೆ ಆ ಜನ ಇದ್ದಾರೆ.

ಅಷ್ಟರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಬೇರೊಂದನ್ನು ಗಮನಿಸಿದ್ದರು. ಆಗೆಲ್ಲ ಹೊಟ್ಟೆಹುಣ್ಣಿಗೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಹಾಗೆ ತೆಗೆಸಿಕೊಂಡ ಹೆಂಗಸರು ಮತ್ತೆ ದಪ್ಪಗಾಗಲು ಒದ್ದಾಡುತ್ತಿದ್ದರು. ಅಂದರೆ ಕರುಳಿಗಿಂತ ಜಠರದ ಮೇಲೆ ಕೈಯಿಡಬಹುದು. ಚಿಕಾಶಿ ಇಟೊ ಎಂಬ ವೈದ್ಯರ ಜೊತೆ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿ, 1967ರಲ್ಲಿ ಪ್ರಕಟಿಸಿದರು. ಜಠರದ ಮೇಲ್ಭಾಗವನ್ನು ಸಣ್ಣ ಚೀಲ ಮಾಡಿ, ಅದನ್ನು ನೇರ ಕರುಳಿಗೆ ಸೇರಿಸುವುದು. ಮೇಸನ್ 100 ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಆಪರೇಷನ್ ಮಾಡಿ ಕೈತೊಳೆದುಕೊಂಡವರಲ್ಲ ಅವರು. ರೋಗಿಗಳು ಮುಂದೆ ಹೇಗಿದ್ದಾರೆ ಎಂದು ದಾಖಲಿಸಿಡುವ ನೋಂದಣಿ ವ್ಯವಸ್ಥೆಗೂ ಅವರೇ ಮುಂದಾದರು. ನಮಗಂತೂ ಅವರ ಕೆಲಸದಲ್ಲಿ ಇದೇ ದೊಡ್ಡದು ಅನ್ನಿಸಿತು.

ಇವತ್ತಿನ ಬೈಪಾಸ್‌ನಲ್ಲಿ ಉಳಿಯುವ ಚೀಲಕ್ಕೆ ಹಿಡಿಯುವುದು ಸುಮಾರು 30 ಎಂಎಲ್, ಅಂದರೆ ಒಂದು ಕೋಳಿಮೊಟ್ಟೆಗಿಂತ ಕಮ್ಮಿ. ಅದರ ಬಾಯಿಯೂ ಕಿರಿದು. ಮೊದಲಿನ ಜಠರ ತುತ್ತನ್ನು ಅರೆಯುತ್ತಿತ್ತು, ಈ ಚೀಲ ಅರೆಯುವುದಿಲ್ಲ. ಆ ಕೆಲಸ ಹಲ್ಲೇ ಮಾಡಬೇಕು. ‘ಅಗಿಯಿರಿ’ ಅನ್ನುವ ಸಾಲು ಬಂದದ್ದು ಇಲ್ಲಿಂದ. ಊಟದ ಜೊತೆ ನೀರು ಬೇಡ ಎನ್ನುವುದೂ ಇದಕ್ಕೇ: ಇರುವ ಜಾಗವನ್ನು ನೀರು ತುಂಬಿದರೆ ಊಟಕ್ಕೆ ಜಾಗವಿಲ್ಲ, ವಾಂತಿಯೂ ಆಗಬಹುದು. ಬಿ12 ಹೀರಲು ಜಠರದ ಆಮ್ಲ ಬೇಕು, ಜಠರದ ಗೋಡೆ ಸ್ರವಿಸುವ ಇನ್ನೊಂದು ವಸ್ತುವೂ ಬೇಕು. ಜಠರ ಕಿರಿದಾದರೆ ಎರಡೂ ಕಮ್ಮಿ. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಮೊದಲೇ ಕಮ್ಮಿ ಇರುತ್ತದೆ. ಅಂಥವರು ಆಪರೇಷನ್‌ಗೆ ಮೊದಲೇ ಪರೀಕ್ಷೆ ಮಾಡಿಸಿ ಸರಿಮಾಡಿಕೊಂಡು ಹೋಗುವುದು ಒಳ್ಳೆಯದು.

ಸಕ್ಕರೆ ಕಾಯಿಲೆಯ ಕಥೆ ಇನ್ನೂ ಸ್ವಾರಸ್ಯ. ನಾರ್ತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು 14 ವರ್ಷಗಳಲ್ಲಿ ಬೈಪಾಸ್ ಮಾಡಿಸಿಕೊಂಡ 608 ಮಂದಿಯ ಲೆಕ್ಕವನ್ನು 1995ರಲ್ಲಿ ಕೊಟ್ಟರು. ಅವರಲ್ಲಿ ಶುಗರ್ ಇದ್ದವರು 146. ಆ ಪೈಕಿ 121 ಮಂದಿಗೆ ಶುಗರ್ ಸಾಮಾನ್ಯ ಮಟ್ಟಕ್ಕೆ ಬಂದಿತ್ತು. ಎಷ್ಟೋ ಜನರಲ್ಲಿ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಇಳಿದಿತ್ತು. ಕೊಬ್ಬು ಕರಗಿತು ಅದಕ್ಕೇ ಶುಗರ್ ಹೋಯಿತು ಅನ್ನುವ ಲೆಕ್ಕ ಇಲ್ಲಿ ಪೂರ್ತಿ ಕೂಡುವುದಿಲ್ಲ. ಜಠರ, ಕರುಳು ರಕ್ತಕ್ಕೆ ಬಿಡುವ ಹಾರ್ಮೋನುಗಳೂ ಬದಲಾಗುತ್ತವೆ. ಇದರಲ್ಲಿ ಮನೆಯವರಿಗೊಂದು ಅಪಾಯವೂ ಅಡಗಿದೆ. ಹಳೇ ಚೀಟಿಯ ಪ್ರಕಾರವೇ ಇನ್ಸುಲಿನ್, ಮಾತ್ರೆ ಮುಂದುವರಿಸಿದರೆ ಶುಗರ್ ತೀರಾ ಕುಸಿದು ತಲೆಸುತ್ತಿ ಬೀಳಬಹುದು. ಬಿಪಿ ಮಾತ್ರೆಯದೂ ಅದೇ ಮಾತು. ಮನೆಗೆ ಹೊರಡುವ ಮುಂಚೆ ಹಳೇ ಮಾತ್ರೆಗಳ ಚೀಲವನ್ನೇ ಡಾಕ್ಟರ ಮುಂದೆ ಸುರಿದು, ಯಾವುದು ಇರಲಿ, ಯಾವುದು ಬೇಡ ಎಂದು ಬರೆಸಿಕೊಳ್ಳಿ. ವರ್ಷಗಳಾದ ಮೇಲೆ ಕೆಲವರಿಗೆ ಶುಗರ್ ಮರಳುವುದೂ ಉಂಟು.

1990ರ ದಶಕದವರೆಗೆ ಇದೆಲ್ಲ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಮಾಡುವ ಆಪರೇಷನ್. ಗಾಯ ಮಾಯುವುದು ತಡ, ಹೊಲಿಗೆಯ ಜಾಗದಲ್ಲಿ ಹರ್ನಿಯಾ, ಮಲಗಿದಲ್ಲೇ ಇದ್ದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. 1993ರಲ್ಲಿ ಎರಡು ಕಡೆ ಸಣ್ಣ ತೂತುಗಳ ಮೂಲಕ ಕೆಲಸ ಮುಗಿಸಿದರು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಬೈಪಾಸ್ ಮಾಡಿದರು. ಬೆಲ್ಜಿಯಂನಲ್ಲಿ ಮಿಟಿಕು ಬೆಲಾಚೆವ್ ಜಠರದ ಕುತ್ತಿಗೆಗೆ ಬಿಗಿ-ಸಡಿಲ ಮಾಡಬಹುದಾದ ಪಟ್ಟಿ ತೊಡಿಸಿದರು. ಈ ಬೆಲಾಚೆವ್ ಇಥಿಯೋಪಿಯಾದ ಹಳ್ಳಿಯಲ್ಲಿ ದನಕುರಿ ಕಾಯುತ್ತಾ ಬೆಳೆದವರು. ಅವರ ಪಟ್ಟಿ ಕೆಲವು ವರ್ಷ ಬಹಳ ಓಡಿತು. ಅದನ್ನು ಸರಿಮಾಡಿಸಲು ಮೇಲಿಂದ ಮೇಲೆ ಆಸ್ಪತ್ರೆಗೆ ಹೋಗಬೇಕಿತ್ತು, ಪಟ್ಟಿ ಜಾರುವುದೂ ಇತ್ತು. ಹಾಗಾಗಿ ಹಿಂದೆ ಬಿತ್ತು. ಈಗ ಹೆಚ್ಚು ನಡೆಯುವುದು ‘ಸ್ಲೀವ್’: ಜಠರದ ಮುಕ್ಕಾಲು ಭಾಗ ಕತ್ತರಿಸಿ, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುವುದು. ಮೊದಲು ಇದನ್ನು ಒಂಟಿಯಾಗಿ ಮಾಡುವ ಯೋಚನೆಯೇ ಇರಲಿಲ್ಲ. ತೀರಾ ದಪ್ಪಗಿದ್ದವರಿಗೆ ದೊಡ್ಡ ಆಪರೇಷನ್ ತಡೆಯುವುದಿಲ್ಲವೆಂದು ಮೊದಲ ಕಂತಾಗಿ ಇದನ್ನು ಮಾಡಿದರು. ಎರಡನೇ ಕಂತು ಬೇಡವಾಗುವಷ್ಟು ಹಲವರ ತೂಕ ಇಳಿಯಿತು!

ಆಪರೇಷನ್‌ಗೆ ಎರಡು ವಾರ ಮುಂಚೆ ಕೊಡುವ ಕಟ್ಟುನಿಟ್ಟಿನ ಪಥ್ಯಕ್ಕೆ ಈ ತೂತುಗಳೇ ದೊಡ್ಡ ಕಾರಣ. ಜಠರದ ಮೇಲೆ ಲಿವರ್ ಚಾಚಿಕೊಂಡಿರುತ್ತದೆ. ದಪ್ಪಗಿರುವವರ ಲಿವರಿನಲ್ಲಿ ಕೊಬ್ಬು ತುಂಬಿ ಅದು ಊದಿರುತ್ತದೆ, ತಾಕಿದರೆ ರಕ್ತ ಬರಬಹುದು. ಅಕ್ಕಿ, ಸಕ್ಕರೆ, ಎಣ್ಣೆ ಕಡಿಮೆ ಮಾಡಿದರೆ ಎರಡೇ ವಾರದಲ್ಲಿ ಅದು ಕುಗ್ಗಿ ದಾರಿ ಬಿಡುತ್ತದೆ. ‘ಇನ್ನು ತಿನ್ನೋಕೆ ಆಗಲ್ವಲ್ಲ’ ಎಂದು ಹಿಂದಿನ ವಾರ ಹೋಳಿಗೆ ಊಟ ಹಾಕಿಸುವ ನೆಂಟರು ಡಾಕ್ಟರ ಕೈ ಕಟ್ಟಿಹಾಕುತ್ತಿದ್ದಾರೆ. ಬೀಡಿ, ಸಿಗರೇಟು, ಎಲೆಅಡಿಕೆಯ ಹೊಗೆಸೊಪ್ಪು ಕನಿಷ್ಠ ಆರು ವಾರ ಮುಂಚೆಯೇ ನಿಲ್ಲಬೇಕು.

ನಡೆಯಿರಿ ಎನ್ನುವ ಸಾಲಿನ ಹಿಂದೆ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಇದ್ದಾರೆ. ಕರುಳಿನ ಆಪರೇಷನ್ ಆದವರನ್ನು ವಾರಗಟ್ಟಲೆ ಮಲಗಿಸಬೇಕಿಲ್ಲ, ನೋವು ಹತೋಟಿಯಲ್ಲಿಟ್ಟು ಬೇಗ ಎಬ್ಬಿಸಿ ನಡೆಸಿದರೆ ಎರಡು ದಿನಕ್ಕೆ ಮನೆಗೆ ಕಳಿಸಬಹುದು ಎಂದು 1990ರ ದಶಕದಲ್ಲಿ ತೋರಿಸಿದರು. ತೂಕದ ಆಪರೇಷನ್‌ಗೂ ಅದು ಬಂತು. ಆದರೆ ಮೊದಲು ಆಸ್ಪತ್ರೆಯ ವಾರ್ಡಿನಲ್ಲಿ ಕಳೆಯುತ್ತಿದ್ದ ದಿನಗಳು ಈಗ ಮನೆಯ ನಡುಮನೆಗೆ ಬಂದಿವೆ. ನರ್ಸ್ ನೋಡುತ್ತಿದ್ದುದನ್ನು ಈಗ ಸೊಸೆ, ಮಗ, ಗಂಡ ನೋಡಬೇಕು. ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ.

ಯಾರಿಗೆ ಮಾಡಬಹುದು ಎಂಬ ಲೆಕ್ಕ 1991ರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಬಿಎಂಐ 40, ಶುಗರ್‌ನಂಥ ಕಾಯಿಲೆ ಜೊತೆಗಿದ್ದರೆ 35 ಎಂದು ಗೆರೆ ಎಳೆಯಿತು. ಕೆಜಿಯಲ್ಲಿ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. 1.60 ಮೀಟರ್ ಎತ್ತರ, 105 ಕೆಜಿ ಇದ್ದರೆ 41. ನಮ್ಮವರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುವುದರಿಂದ ಭಾರತದ ವೈದ್ಯರು 37.5 ಮತ್ತು 32.5 ಇಟ್ಟುಕೊಂಡರು. 2022ರಲ್ಲಿ ಅಂತರರಾಷ್ಟ್ರೀಯ ಸಂಘಟನೆಗಳು ಎಲ್ಲರಿಗೂ ಗೆರೆಯನ್ನು ಇನ್ನೂ ಇಳಿಸಿದವು. ಆದರೆ ನಮ್ಮ ಆರೋಗ್ಯ ವಿಮೆಯ ಸಾಮಾನ್ಯ ಷರತ್ತಿನಲ್ಲಿ ಇನ್ನೂ 40 ಮತ್ತು 35 ಕೂತಿವೆ. ಡಾಕ್ಟರ್ ‘ಮಾಡಬಹುದು’ ಅಂದರೂ ವಿಮೆಯವರು ‘ಕೊಡಲ್ಲ’ ಅನ್ನಬಹುದು. ಸಾಲ ಎತ್ತುವ ಮೊದಲು ಇದನ್ನು ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಇನ್ನು ಮನೆ. ಬಾಣಂತಿಗೆ ಪಥ್ಯ ಮಾಡಿ ಗೊತ್ತಿರುವ ಮನೆಗಳು ನಮ್ಮವು, ಆದರೆ ಇಲ್ಲಿ ಆ ರೂಢಿ ಸ್ವಲ್ಪ ತಿರುವುಮುರುವು. ‘ತಿಂದರೆ ಗಾಯ ಮಾಯುತ್ತೆ’ ಎಂದು ಒತ್ತಾಯಿಸುವ ಹಾಗಿಲ್ಲ. ಮೊದಲ ಎರಡು ವಾರ ಬರೀ ದ್ರವ, ಆಮೇಲೆ ಎರಡು ವಾರ ಮಿಕ್ಸಿಯಲ್ಲಿ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಸುಮಾರು ಆರು ವಾರದ ನಂತರ ಮಾಮೂಲಿ ಅಡುಗೆ. ಒಂದೆರಡು ವಾರ ಹೆಚ್ಚುಕಮ್ಮಿ ಇರಬಹುದು, ನಿಮ್ಮ ಆಸ್ಪತ್ರೆಯ ಹಾಳೆಯೇ ಕೊನೆ ಮಾತು. ನೀರನ್ನು ಗಟಗಟ ಕುಡಿಯಲಾಗದು. ಆಸ್ಪತ್ರೆಯ 30 ಎಂಎಲ್ ಕಪ್ ಇಟ್ಟುಕೊಂಡು ಕಾಲು ಗಂಟೆಗೊಮ್ಮೆ ಗುಟುಕರಿಸಿ, ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಬೇಕು. ಬೇಸಿಗೆಯಲ್ಲಿ ಇದೇ ಕಷ್ಟದ ಕೆಲಸ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು. ಬೇಳೆಯ ತಿಳಿ ಕಟ್ಟಿನಲ್ಲಿ ಅದು ಸಿಗುವುದಿಲ್ಲ. ಬೇಳೆಯನ್ನೇ ರುಬ್ಬಬೇಕು, ಮೊಸರು, ಮೊಟ್ಟೆ ಸೇರಿಸಬೇಕು, ಹೇಳಿದ್ದರೆ ಪೌಡರ್ ಕೂಡ. ನೋಡಲು ಬರುವವರ ಹಾರ್ಲಿಕ್ಸ್, ಬಿಸ್ಕೆಟ್, ಜ್ಯೂಸ್ ಮಕ್ಕಳಿಗೆ ಹೋಗಲಿ. ಬೈಪಾಸ್ ಆದವರಿಗೆ ಸಿಹಿ ತಿಂದರೆ ಬೆವರು, ಎದೆಬಡಿತ, ಭೇದಿ ಬರಬಹುದು.

ಹೊರಡುವ ಮೊದಲೇ ಮನೆಯಲ್ಲಿ ಮಾತಾಡಿ ತೀರ್ಮಾನಿಸಬೇಕಾದದ್ದು: ನೀರು ಯಾರು ತರುತ್ತಾರೆ, ದನ ಯಾರು ನೋಡುತ್ತಾರೆ. ನಾಲ್ಕರಿಂದ ಆರು ವಾರ ತುಂಬಿದ ಕೊಡ, ಹುಲ್ಲಿನ ಹೊರೆ, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ನೆಲಕ್ಕಿಂತ ಮಂಚ ವಾಸಿ. ಕಾಲುನೋವು, ಸೊಂಟನೋವು ಎಂದು ಮೆಡಿಕಲ್ ಸ್ಟೋರಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ. ಬೈಪಾಸ್ ಆದ ಜಠರದಲ್ಲಿ ಜೋಡಣೆಯ ಜಾಗವೇ ಹುಣ್ಣಾಗಬಹುದು. ವರ್ಷದಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು. ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರಿದರೆ ಗಾಬರಿ ಬೇಡ, ಹೆಚ್ಚಿನವರಿಗೆ ಮತ್ತೆ ಬರುತ್ತದೆ.

ಗಾಬರಿ ಆಗಬೇಕಾದದ್ದು ಬೇರೆ. ಸುಮ್ಮನೆ ಕೂತಾಗಲೂ ನಾಡಿ ನಿಮಿಷಕ್ಕೆ 120 ದಾಟುವುದು, ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದೇ ಮೀನಖಂಡ ಊದಿ ನೋಯುವುದು. ಹೊಲಿಗೆ ಸೋರಿದ್ದರೆ ಅಥವಾ ರಕ್ತ ಹೆಪ್ಪುಗಟ್ಟಿದ್ದರೆ ಬೆಳಗಾಗಲಿ ಎಂದು ಕಾಯುವ ಹೊತ್ತಲ್ಲ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೂ ಹೋಗಲೇಬೇಕು. ಬಿ1 ವಿಟಮಿನ್ ಖಾಲಿಯಾಗಿ ಕಣ್ಣು, ನಡಿಗೆ, ನೆನಪಿಗೆ ಪೆಟ್ಟು ಬೀಳಬಹುದು, ತಡವಾದರೆ ಅದು ಪೂರ್ತಿ ಸರಿಹೋಗದು. ತಾಲ್ಲೂಕು ಆಸ್ಪತ್ರೆಗೆ ಹೋದರೂ ಆಪರೇಷನ್ ಹಾಳೆ ಜೊತೆಗಿರಲಿ, ಏನು ಮಾಡಿದ್ದಾರೆ ಎಂದು ಅಲ್ಲಿನವರಿಗೆ ಗೊತ್ತಾಗಬೇಕು. ಅವತ್ತು ರಾತ್ರಿ ಅತ್ತೆಯ ಹಾಳೆ ಕ್ಯಾಲೆಂಡರ್ ಹಿಂದೆಯೇ ಉಳಿದಿತ್ತು.

ಈಗ ಆ ಹಾಳೆಯನ್ನು ನಾವು ಕನ್ನಡದಲ್ಲಿ ಬರೆದುಕೊಟ್ಟಿದ್ದೇವೆ, ಪ್ರತಿ ಸಾಲಿನ ಕೆಳಗೆ ‘ಯಾಕೆಂದರೆ’ ಅಂತ ಸೇರಿಸಿ. ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಾರೆ. ಅತ್ತೆ 31 ಕೆಜಿ ಇಳಿದಿದ್ದಾರೆ. ನಿಂಬೆಹಣ್ಣಿನಷ್ಟು ಮುದ್ದೆ ತಟ್ಟೆಗೆ ಹಾಕಿಸಿಕೊಂಡು, ಚಿವುಟಿ ಚಿವುಟಿ, ಅಗಿದು ತಿನ್ನುತ್ತಾರೆ. ಮಾವ ಅದನ್ನು ನೋಡಿ ಇವತ್ತಿಗೂ ನಗುತ್ತಾರೆ.