ಆಟಿಸಂ, ಎಡಿಎಚ್‌ಡಿ ಇರುವವರಿಗೆ ಮನಶ್ಚಿಕಿತ್ಸೆಯ ಮಾರ್ಪಾಡು

ಆಟಿಸಂ ಅಥವಾ ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ಸ್ಥಿತಿ) ಇರುವವರ ಆತಂಕ, ಖಿನ್ನತೆಗಳಿಗೆ ಮಾತಿನ ಚಿಕಿತ್ಸೆ ಕೊಡುವಾಗ ಅವರ ಗ್ರಹಿಕೆಗೂ ಗಮನದ ರೀತಿಗೂ ಒಗ್ಗುವಂತೆ ಅದನ್ನು ಬದಲಿಸಿಕೊಳ್ಳುವ ಕ್ರಮ. ಬದಲಾಗಬೇಕಾದ್ದು ಮೊದಲು ಚಿಕಿತ್ಸಕರ ಪದ್ಧತಿ. ಕಣ್ಣಿಗೆ ಕಣ್ಣಿಟ್ಟು ಮಾತಾಡಿಸುವುದನ್ನೂ ಕೈ ಅಲುಗಿಸದೆ ಕೂರಿಸುವುದನ್ನೂ ಇಲ್ಲಿ ಪ್ರಗತಿಯೆಂದು ಎಣಿಸುವುದಿಲ್ಲ.

1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದ, ಆಲೋಚನೆ, ವರ್ತನೆಗಳನ್ನು ಬದಲಿಸಲು ನೆರವಾಗುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಚಿಕಿತ್ಸೆಗೆ ಮಾಡಬೇಕಾದ ಮಾರ್ಪಾಡುಗಳನ್ನು ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಆಟಿಸಂ ಇರುವ ವಯಸ್ಕರ ಕುರಿತ 2012ರ ಮಾರ್ಗಸೂಚಿಯಲ್ಲಿ ಹೇಳಿದೆ: ಬರಹ, ಚಿತ್ರಗಳ ಬಳಕೆ ಹೆಚ್ಚಲಿ, ರೂಪಕ, ಊಹೆಯ ಸನ್ನಿವೇಶ ಕಡಿಮೆಯಾಗಲಿ, ಆಲೋಚನೆಗಿಂತ ವರ್ತನೆಯಿಂದ ಆರಂಭಿಸಿ, ನಡುವೆ ವಿರಾಮ ಕೊಡಿ, ವ್ಯಕ್ತಿಯ ವಿಶೇಷ ಆಸಕ್ತಿಯನ್ನು ಬಳಸಿಕೊಳ್ಳಿ. ಕ್ರಿಕೆಟ್ ಅಂಕಿಅಂಶಗಳಲ್ಲೇ ಮುಳುಗಿರುವ ಯುವಕ ವಾರದ ಆತಂಕವನ್ನು ಸ್ಕೋರ್ ಪಟ್ಟಿಯಲ್ಲಿ ಬರೆದು ತರಬಹುದು.

‘ಹೇಗನಿಸಿತು?’ ಎಂಬ ಪ್ರಶ್ನೆಗೇ ಹಲವರು ತಡವರಿಸುತ್ತಾರೆ. ತನ್ನ ಭಾವನೆಯನ್ನು ಗುರುತಿಸಿ ಹೆಸರಿಸಲಾಗದ ಈ ಸ್ಥಿತಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಆಟಿಸಂ ಇರುವವರಲ್ಲಿ ಇದು ಹೆಚ್ಚು. ಎದೆ ಹೊಡೆದುಕೊಂಡಿತೇ, ಹೊಟ್ಟೆ ತೊಳಸಿತೇ, ಎದ್ದು ಹೋಗಬೇಕೆನಿಸಿತೇ ಎಂದು ಕೇಳಿದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಕೊಠಡಿಯ ಟ್ಯೂಬ್‌ಲೈಟು ಗುಂಯ್‌ಗುಡುತ್ತಿದ್ದರೆ ಅದನ್ನು ಆರಿಸುವುದೂ ಚಿಕಿತ್ಸೆಯ ಭಾಗವೇ.

ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ‘ಆಫೀಸಿನಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ’ ಎಂದವರಿಗೆ ಅದು ತಿರುಚಿದ ಆಲೋಚನೆ ಎಂದು ತಿದ್ದಹೊರಡುವುದು ಸಿಬಿಟಿಯ ಅವಸರದ ಬಳಕೆ. ಅವರ ಮಾತು ಎಷ್ಟೋ ವೇಳೆ ನಿಜವಿರುತ್ತದೆ. ತಪ್ಪು ಗ್ರಹಿಕೆ ಆಟಿಸಂ ಇರುವವರು, ಇಲ್ಲದವರು ಎರಡೂ ಕಡೆ ಇರುತ್ತದೆ ಎಂಬ ವಾದವನ್ನು, ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟರು.

ಎಡಿಎಚ್‌ಡಿಯಲ್ಲಿ ತೊಡಕು ಬೇರೆ: ಮಾಡಬೇಕಾದ್ದು ಗೊತ್ತಿದ್ದರೂ ಶುರುಮಾಡಲಾಗದು. ಮನೆಯಲ್ಲಿ ತುಂಬಿ ತರಲು ಕೊಟ್ಟ ಅಭ್ಯಾಸದ ಹಾಳೆ ಖಾಲಿ ಬಂದರೆ ಅದನ್ನು ಅಸಡ್ಡೆ ಎಂದು ಓದಬಾರದು. ಮೊದಲ ಸಾಲನ್ನು ಚಿಕಿತ್ಸೆಯ ಕೊಠಡಿಯಲ್ಲೇ ಬರೆಸಿ, ಹೊರಡುವ ಮುನ್ನ ಫೋನಿನಲ್ಲಿ ಅಲಾರಂ ಇಡಿಸುವುದು ಒಳ್ಳೆಯದು. ಆಟಿಸಂ, ಎಡಿಎಚ್‌ಡಿ ಎರಡೂ ಇರುವವರಿಗೆ ಜೋಡಿ ರೋಗನಿರ್ಣಯ ಕೊಡಲು, ಮಾನಸಿಕ ಸಮಸ್ಯೆಗಳ ನಿರ್ಣಯಕ್ಕೆ ಬಳಸುವ ಅಮೆರಿಕದ ಡಿಎಸ್‌ಎಂ ಕೈಪಿಡಿ ಅವಕಾಶ ಕೊಟ್ಟಿದ್ದೇ 2013ರ ಐದನೆಯ ಆವೃತ್ತಿಯಲ್ಲಿ.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಎಡಿಎಚ್‌ಡಿಗೆ ಪ್ರತ್ಯೇಕ ಸ್ಥಾನವಿಲ್ಲ. ಚಿಕಿತ್ಸೆಯ ಕೊಠಡಿಗೆ ಬಂದರೆ, ನಮ್ಮಲ್ಲಿ ವಯಸ್ಕ ಮಕ್ಕಳ ಜೊತೆ ತಂದೆತಾಯಿಯೂ ಒಳಗೆ ಬಂದು ಕೂರುವುದುಂಟು. ನೈಸ್ ಮಾರ್ಗಸೂಚಿ ಮನೆಯವರ ನೆರವನ್ನು ಬಯಸುತ್ತದೆಯಾದರೂ ಚಿಕಿತ್ಸೆ ಪಡೆಯುವವರು ಒಪ್ಪಿದರೆ ಮಾತ್ರ. ಇಲ್ಲಿನ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಗೋಪ್ಯತೆಯನ್ನು ಅವರ ಹಕ್ಕೆಂದೇ ಹೇಳುತ್ತದೆ.